ಮೂರು ದಿನದಲ್ಲಿ ಓಜೋನ್ 320ರಿಂದ 190ಕ್ಕೆ ಇಳಿದರೆ ನೆಲದ ಯುವಿ ಎಷ್ಟು ಏರಬೇಕು? ಲೆಕ್ಕ ಹೊಂದುತ್ತಿಲ್ಲ

ಓರೆಬಿಸಿಲು (ಪ್ರಶ್ನೆ):

ಧ್ರುವೀಯ ಸುಳಿಯ (ಧ್ರುವದ ಮೇಲೆ ಬಹು ಎತ್ತರದಲ್ಲಿ ಸುತ್ತುವ ತಣ್ಣನೆಯ ಗಾಳಿಯ) ಅಂಚು ಒಂದು ತಾಣದ ಮೇಲೆ ಹಾದುಹೋಗುವಾಗ ಅಲ್ಲಿನ ಓಜೋನ್ ಎರಡು ಮೂರು ದಿನಗಳಲ್ಲೇ ನೂರು ಡಾಬ್ಸನ್ ಯೂನಿಟ್‌ಗಿಂತ (ತಲೆಯ ಮೇಲಿನ ಒಟ್ಟು ಓಜೋನಿನ ಅಳತೆ, ಮುಂದೆ ಡಿಯು) ಹೆಚ್ಚು ಕುಸಿಯುವುದುಂಟು. ಆ ಕುಸಿತವೊಂದರಿಂದಲೇ ನೆಲದ ಮೇಲಿನ ನೇರಳಾತೀತ ವಿಕಿರಣ (ಯುವಿ) ಎಷ್ಟು ಏರಿತು ಎಂದು ಬಿಡಿಸಿ ಹೇಳುವ ಸರಿಯಾದ ಕ್ರಮ ಯಾವುದು? ತೊಡಕು ಎಲ್ಲಿದೆ ಎಂದು ತೋರಿಸಲು ಒಂದು ಸನ್ನಿವೇಶ ಇಡುತ್ತಿದ್ದೇನೆ.

65° ದಕ್ಷಿಣ ಅಕ್ಷಾಂಶ, ಅಕ್ಟೋಬರ್ ಕೊನೆಯ ವಾರ, ಸುತ್ತಲೂ ಹಿಮ. ಮೊದಲ ದಿನ ಓಜೋನ್ 320 ಡಿಯು, ಮೂರು ದಿನ ಕಳೆದು 190. ಉಪಕರಣ 305, 320, 340, 380 ನ್ಯಾನೋಮೀಟರ್ ಚಾನೆಲ್‌ಗಳಿರುವ ಫಿಲ್ಟರ್ ರೇಡಿಯೋಮೀಟರ್ (ಆಯ್ದ ಅಲೆಯುದ್ದಗಳ ಬೆಳಕನ್ನಷ್ಟೇ ಅಳೆಯುವ ಸಾಧನ). ಎರಡೂ ದಿನ ಸೂರ್ಯನ ಖಮಧ್ಯ ಕೋನ (ನೆತ್ತಿಯಿಂದ ಸೂರ್ಯ ಎಷ್ಟು ವಾಲಿದ್ದಾನೆ ಎಂಬ ಕೋನ) 53° ಇದ್ದ ಹೊತ್ತಿನ ಅಳತೆಗಳನ್ನೇ ಹೋಲಿಸಿದರೆ ಹೀಗೆ ಬರುತ್ತದೆ: 305ರ ಚಾನೆಲ್ 1.9 ಪಟ್ಟು, 340ರ ಚಾನೆಲ್ ಶೇ. 30 ಇಳಿಕೆ, ಯುವಿ ಸೂಚ್ಯಂಕ (ಚರ್ಮ ಕೆಂಪೇರಿಸುವ ಯುವಿಯ ಅಳತೆ) ಶೇ. 31 ಏರಿಕೆ.

ಎಲ್ಲೆಡೆ ಓದುವ ನಿಯಮ: ಓಜೋನ್ ಶೇ. 1 ಇಳಿದರೆ ಚರ್ಮ ಕೆಂಪೇರಿಸುವ ಯುವಿ ಶೇ. 1.2ರಷ್ಟು ಏರುತ್ತದೆ. ಓಜೋನ್ ಇಳಿದದ್ದು ಶೇ. 41. ಹಾಗಾದರೆ ಏರಿಕೆ ಶೇ. 49 ಇರಬೇಕು. ಬಂದದ್ದು 31. ಸರಿ, 340 ಇಳಿದದ್ದು ಮೋಡದಿಂದ ಎಂದುಕೊಂಡು 1.31ನ್ನು 0.7ರಿಂದ ಭಾಗಿಸಿದರೆ 1.87, ಅಂದರೆ ಶೇ. 87 ಏರಿಕೆ. ಮೋಡ ತೆಗೆಯದಿದ್ದರೆ ಕಡಿಮೆ, ತೆಗೆದರೆ ವಿಪರೀತ ಹೆಚ್ಚು. ಯಾವುದು ತಪ್ಪು? ಓಜೋನ್ ಮೌಲ್ಯ ಉಪಗ್ರಹದ ದಿನವಹಿ ಗ್ರಿಡ್‌ನದು. ಅದನ್ನು ನಂಬಬಹುದೇ ಎಂಬುದೂ ಪ್ರಶ್ನೆಯೇ.

ಅಲೆಯುದ್ದ305:

ನಿಮ್ಮ 1.87 ಸರಿ. ತಪ್ಪಿರುವುದು ಶೇ. 49ರ ನಿರೀಕ್ಷೆಯಲ್ಲಿ.

"ಶೇ. 1ಕ್ಕೆ ಶೇ. 1.2" ಎಂಬುದು ಸಣ್ಣ ಬದಲಾವಣೆಗೆ ಮಾತ್ರ ಹೊಂದುವ ಮಾತು. ಅದನ್ನು 41ರಿಂದ ಗುಣಿಸುವ ಹಾಗಿಲ್ಲ. ಆ 1.2 ಎಂಬುದು ವಿಕಿರಣ ವರ್ಧನಾಂಕ, ಅದು ಕೂರಬೇಕಾದ ಜಾಗ ಘಾತದಲ್ಲಿ: ಯುವಿ ಅನುಪಾತ = (ಹಳೆಯ ಓಜೋನ್ ÷ ಹೊಸ ಓಜೋನ್) ರ 1.2ನೇ ಘಾತ. 320 ÷ 190 = 1.684, ಅದರ 1.2ನೇ ಘಾತ 1.87. ಮೋಡ ತೆಗೆದ ಮೇಲೆ ನಿಮಗೆ ಬಂದದ್ದೂ ಅದೇ. ಓಜೋನ್ ಶೇ. 5 ಅಲ್ಲಾಡಿದರೆ ಎರಡು ಲೆಕ್ಕಗಳಿಗೂ ವ್ಯತ್ಯಾಸ ಕಾಣುವುದಿಲ್ಲ. ಹಾಗಾಗಿ ಮಧ್ಯ ಅಕ್ಷಾಂಶಗಳಲ್ಲಿ ಈ ತಪ್ಪು ಸಿಕ್ಕಿಬೀಳದೆ ಉಳಿಯುತ್ತದೆ, ಸುಳಿಯ ಅಂಚಿನಲ್ಲಿ ಬಯಲಾಗುತ್ತದೆ.

ಬೇರೆ ದಾರಿಯಿಂದಲೂ ತಾಳೆ ನೋಡಬಹುದು. ವಾಯುಮಂಡಲ ವಿಜ್ಞಾನಿ ಮ್ಯಾಡ್ರೊನಿಚ್ 2007ರಲ್ಲಿ ಕೊಟ್ಟ ಸರಳ ಸೂತ್ರವಿದೆ: ಶುಭ್ರ ಆಕಾಶದ ಯುವಿ ಸೂಚ್ಯಂಕ = 12.5 × (ಖಮಧ್ಯ ಕೋನದ ಕೊಸೈನ್) ರ 2.42ನೇ ಘಾತ × (ಓಜೋನ್ ÷ 300) ರ −1.23ನೇ ಘಾತ. ಇದು ಸಮುದ್ರ ಮಟ್ಟದ, ಪ್ರತಿಫಲನವಿಲ್ಲದ ನೆಲದ ಲೆಕ್ಕ. 53°ಗೆ 320 ಡಿಯು ಹಾಕಿದರೆ ಸುಮಾರು 3.4, 190 ಹಾಕಿದರೆ ಸುಮಾರು 6.4. ಅನುಪಾತ 1.9. ಹಿಮದ ಹೆಚ್ಚುವರಿ ಎರಡೂ ದಿನ ಒಂದೇ ಆಗಿದ್ದರೆ ಅನುಪಾತದಲ್ಲಿ ಅದು ಬಹುಪಾಲು ಕಳೆದುಹೋಗುತ್ತದೆ.

ಇನ್ನು 305ರ ಚಾನೆಲ್. ಓಜೋನಿನ ಹೀರಿಕೆ ಅಲೆಯುದ್ದದೊಂದಿಗೆ ಎಷ್ಟು ಕಡಿದಾಗಿ ಬದಲಾಗುತ್ತದೆ ಎಂಬುದು ಮನಸ್ಸಿನಲ್ಲಿದ್ದರೆ ಅರ್ಧ ಗೊಂದಲ ಹೋಗುತ್ತದೆ. 300 ಡಿಯು ಓಜೋನಿಗೆ ನೇರ ಲಂಬ ಹಾದಿಯಲ್ಲಿ ದ್ಯುತಿ ಆಳ (ಬೆಳಕನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ) 300 ನ್ಯಾನೋಮೀಟರಿನಲ್ಲಿ ಸುಮಾರು 3, 305ರಲ್ಲಿ ಸುಮಾರು 1.5, 310ರಲ್ಲಿ 0.8ರ ಹತ್ತಿರ, 320ರಲ್ಲಿ 0.2ರ ಆಸುಪಾಸು, 340ರಲ್ಲಿ ಲೆಕ್ಕಕ್ಕಿಲ್ಲ. 53°ಯಲ್ಲಿ ಬೆಳಕು ಸಾಗುವ ಹಾದಿ 1.66 ಪಟ್ಟು ಉದ್ದ. 130 ಡಿಯು ಕಳೆದುಹೋದಾಗ ನೇರ ಕಿರಣ 300ರಲ್ಲಿ ಸುಮಾರು 8 ಪಟ್ಟು, 305ರಲ್ಲಿ 3 ಪಟ್ಟು, 310ರಲ್ಲಿ 1.7 ಪಟ್ಟು ಏರುತ್ತದೆ, 320ರಲ್ಲಿ ಶೇ. 15ರಿಂದ 20. ಅಂದರೆ "ಯುವಿ ಎಷ್ಟು ಏರಿತು" ಎಂಬ ಪ್ರಶ್ನೆಗೆ ಯಾವ ಅಲೆಯುದ್ದ, ಯಾವ ತೂಕ (ಹಾನಿಗೆ ತಕ್ಕಂತೆ ಒಂದೊಂದು ಅಲೆಯುದ್ದಕ್ಕೆ ಕೊಡುವ ಪಾಲು) ಎಂದು ಹೇಳದೆ ಉತ್ತರವೇ ಇಲ್ಲ. ಚರ್ಮ ಕೆಂಪೇರುವಿಕೆಗೆ ವರ್ಧನಾಂಕ 1.1ರಿಂದ 1.2, ಡಿಎನ್‌ಎ ಹಾನಿಗೆ ಸುಮಾರು 2. ಇದೇ ಮೂರು ದಿನಗಳಲ್ಲಿ ಡಿಎನ್‌ಎ ತೂಕದ ಯುವಿ 2.8 ಪಟ್ಟು ಆಗಿರುತ್ತದೆ. ಕಡಲ ಪಾಚಿಯ ಮೇಲಿನ ಪರಿಣಾಮ ಬೇಕಿದ್ದವರು ಯುವಿ ಸೂಚ್ಯಂಕವನ್ನು ಹಿಡಿದುಕೊಂಡು ಕೂರಬಾರದು.

ನಿಮ್ಮ 305ರಲ್ಲಿ ಮೋಡ ತೆಗೆದರೆ 1.9 ÷ 0.7 = 2.7 ಬರುತ್ತದೆ, 3 ಅಲ್ಲ. ಫಿಲ್ಟರಿನ ಅರ್ಧ ಅಗಲ 10 ನ್ಯಾನೋಮೀಟರಿನಷ್ಟು. ಅದರ ಉದ್ದ ಅಲೆಯ ಕಡೆಯ ಅಂಚಿನಿಂದಲೂ ಬೆಳಕು ಒಳಬರುತ್ತದೆ, ಅಲ್ಲಿ ಓಜೋನಿನ ಹಿಡಿತ ಕಡಿಮೆ. ಓಜೋನ್ ಹೆಚ್ಚಾದಷ್ಟೂ, ಸೂರ್ಯ ಇಳಿದಷ್ಟೂ ಚಾನೆಲ್‌ನ ನಿಜವಾದ ಅಲೆಯುದ್ದ 305ರಿಂದ ಮೇಲಕ್ಕೆ ಜಾರುತ್ತದೆ. ಹಾಗಾಗಿ ಈ ಚಾನೆಲ್ಲನ್ನು ಏಕವರ್ಣ ಎಂದು ಭಾವಿಸಿ ಓಜೋನ್ ತೆಗೆಯಬೇಡಿ. ಫಿಲ್ಟರಿನ ಸ್ಪಂದನ ರೇಖೆಯನ್ನು ವಿಕಿರಣ ಮಾದರಿಯೊಳಗೆ ಸೇರಿಸಿ, ಕೋನ ಮತ್ತು ಓಜೋನಿನ ಕೋಷ್ಟಕ ಕಟ್ಟಿಕೊಂಡು, ಅಲ್ಲಿಂದ 305/340 ಅನುಪಾತಕ್ಕೆ ಓಜೋನ್ ಹುಡುಕಿ.

340ರಿಂದ ಭಾಗಿಸುವುದು ಒಳ್ಳೆಯ ಕ್ರಮವೇ. ತೆಳು ಮತ್ತು ಮಧ್ಯಮ ಮೋಡ ಎರಡೂ ಅಲೆಯುದ್ದಗಳನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಗ್ಗಿಸುತ್ತದೆ. ದಟ್ಟ ಮೋಡದಲ್ಲಿ ಮಾತ್ರ ಎಚ್ಚರ: ಬೆಳಕು ಒಳಗೆ ಪುಟಿಯುತ್ತ ಸಾಗುವ ಹಾದಿ ಉದ್ದವಾಗಿ, ಕೆಳವಾಯುವಿನಲ್ಲಿರುವ ಅಲ್ಪ ಓಜೋನೂ 305ನ್ನು ಹೆಚ್ಚು ಹೀರುತ್ತದೆ. ಆಗ ಓಜೋನ್ ಇರುವುದಕ್ಕಿಂತ ಜಾಸ್ತಿ ಇದ್ದ ಹಾಗೆ ತೋರುತ್ತದೆ.

ನೀವು ಒಂದೇ ಕೋನದಲ್ಲಿ ಹೋಲಿಸಿದ್ದು ಬಹಳ ಒಳ್ಳೆಯದಾಯಿತು. ಮಧ್ಯಾಹ್ನಕ್ಕೆ ಮಧ್ಯಾಹ್ನ ಹೋಲಿಸಿದ್ದರೆ ಆ ಮೂರು ದಿನಗಳಲ್ಲಿ ಸೂರ್ಯ ಸುಮಾರು 1° ಮೇಲೇರಿದ್ದಕ್ಕೇ ಸೂಚ್ಯಂಕ ಶೇ. 5ಕ್ಕಿಂತ ಹೆಚ್ಚಾಗಿರುತ್ತಿತ್ತು, ಅದೂ ಓಜೋನಿನ ಖಾತೆಗೆ ಹೋಗುತ್ತಿತ್ತು.

ಉಪಗ್ರಹಪಥ:

ಓಜೋನ್ ಮೌಲ್ಯದ ಬಗ್ಗೆ: ಸುಳಿಯ ಅಂಚಿನಲ್ಲಿ ದಿನವಹಿ ಗ್ರಿಡ್ ಬಳಸಬೇಡಿ. ಧ್ರುವಗಾಮಿ ಉಪಗ್ರಹ ಸುಮಾರು 100 ನಿಮಿಷಕ್ಕೊಂದು ಸುತ್ತು ಹೊಡೆಯುತ್ತದೆ. ಎತ್ತರದ ಅಕ್ಷಾಂಶಗಳಲ್ಲಿ ಅಕ್ಕಪಕ್ಕದ ಸುತ್ತುಗಳ ಪಟ್ಟಿಗಳು ಒಂದರ ಮೇಲೊಂದು ಬೀಳುವುದರಿಂದ ಒಂದೇ ತಾಣಕ್ಕೆ ದಿನಕ್ಕೆ ಹಲವು ಅಳತೆ ಸಿಗುತ್ತವೆ. ಗ್ರಿಡ್ ಮಾಡುವಾಗ ಅವನ್ನೆಲ್ಲ ಸೇರಿಸಿ ಸರಾಸರಿ ಮಾಡಿಬಿಟ್ಟಿರುತ್ತಾರೆ. ನೀವು ಹುಡುಕುತ್ತಿರುವ ಏರಿಳಿತವೇ ಅಲ್ಲಿ ಸವೆದುಹೋಗಿರುತ್ತದೆ. ತಾಣದ ಮೇಲಿನ ಹಾಯುವಿಕೆಯ ದತ್ತಾಂಶ ತೆಗೆದುಕೊಂಡು, ನಿಮ್ಮ ಅಳತೆಯ ಹೊತ್ತಿಗೆ ಹತ್ತಿರದ ಎರಡು ಹಾಯುವಿಕೆಗಳ ನಡುವೆ ಮೌಲ್ಯ ಹೊಂದಿಸಿ. ಓಜೋನ್ ಅಳೆಯುವ ಉಪಗ್ರಹ ಉಪಕರಣಗಳಲ್ಲಿ ಟ್ರೊಪೊಮಿಯ ಚುಕ್ಕಿ (ಒಂದು ಅಳತೆ ಆವರಿಸುವ ನೆಲ) 5.5 × 3.5 ಕಿ.ಮೀ., ಓಎಂಐನದು 13 × 24 ಕಿ.ಮೀ. ಅಂಚಿನ ಇಳಿಜಾರು ಕಡಿದಾಗಿದ್ದಾಗ ಮೊದಲನೆಯದೇ ಲೇಸು.

ಎರಡನೆಯದು, ಅನೇಕರು ಮರೆಯುವ ವಿಷಯ: ಸೂರ್ಯನ ಕಿರಣ ಓಜೋನ್ ಪದರವನ್ನು ದಾಟುವುದು ನಿಮ್ಮ ನೆತ್ತಿಯ ಮೇಲಲ್ಲ. 20 ಕಿ.ಮೀ. ಎತ್ತರದ ಪದರಕ್ಕೆ ಖಮಧ್ಯ ಕೋನ 53° ಇದ್ದರೆ ದಾಟುವ ಜಾಗ 27 ಕಿ.ಮೀ. ಆಚೆ, 75°ಗೆ 75 ಕಿ.ಮೀ., 80°ಗೆ 110 ಕಿ.ಮೀ. ಮೀರಿ. ಅಂಟಾರ್ಕ್ಟಿಕಾದಲ್ಲಿ ಮಧ್ಯಾಹ್ನ ಸೂರ್ಯ ಉತ್ತರದಲ್ಲಿರುತ್ತಾನೆ, ಅಂದರೆ ನೇರ ಕಿರಣ ಬರುವುದು ಸುಳಿಯ ಹೊರಗಿನ, ಓಜೋನ್ ಹೆಚ್ಚಿರುವ ಗಾಳಿಯ ಕಡೆಯಿಂದ. ಅಂಚು ಸರಿಯಾಗಿ ತಾಣದ ಮೇಲೇ ಇದ್ದರೆ ನೆತ್ತಿಯ ಓಜೋನ್ 200 ಇದ್ದರೂ ಕಿರಣ ಕಂಡ ಓಜೋನ್ ಅದಕ್ಕಿಂತ ಹೆಚ್ಚಿರುತ್ತದೆ. ಉಪಗ್ರಹದ ಚುಕ್ಕಿಯನ್ನು ಸೂರ್ಯನ ದಿಕ್ಕಿಗೆ ಅಷ್ಟು ದೂರ ಸರಿಸಿ ಓದಿದರೆ ಹೊಂದಾಣಿಕೆ ಸುಧಾರಿಸುತ್ತದೆ.

ಸುಳಿ ದುಂಡಗಿರುವುದಿಲ್ಲ, ಮೊಟ್ಟೆಯಂತೆ ಉದ್ದವಾಗಿ ಧ್ರುವದ ಸುತ್ತ ತಿರುಗುತ್ತದೆ. 53–55° ದಕ್ಷಿಣದ ಪುಂಟಾ ಅರೇನಸ್, ಉಶುವಾಯದಂಥ ಊರುಗಳಿಗೆ ಅದರ ತುದಿ ಕೆಲವು ದಿನ ತಾಗಿ ಸರಿದುಹೋಗುವುದು ಹಾಗೆಯೇ. ಅಕ್ಟೋಬರ್ ನಡುವಿನಲ್ಲಿ ಉಶುವಾಯದ ಮಧ್ಯಾಹ್ನದ ಕೋನ ಸುಮಾರು 46°. ಮೇಲಿನ ಸೂತ್ರಕ್ಕೆ 350 ಡಿಯು ಹಾಕಿದರೆ 4.3, 180 ಹಾಕಿದರೆ 9.7. ಧ್ರುವದಿಂದ ದೂರ, ಆದರೆ ಸೂರ್ಯ ಮೇಲಿರುವುದರಿಂದ ಪೆಟ್ಟು ದೊಡ್ಡದು. ಜನವಸತಿ ಇರುವುದೂ ಅಲ್ಲೇ.

ಇನ್ನೊಂದು ಮಾತು: ಉಪಗ್ರಹಗಳು ಕೊಡುವ ಸಿದ್ಧ ಯುವಿ ದತ್ತಾಂಶವನ್ನು ಹಿಮದ ಮೇಲೆ ಹಾಗೆಯೇ ನಂಬಬೇಡಿ. ಬೆಳ್ಳಗಿನ ನೆಲವನ್ನು ಮೋಡ ಎಂದು ತಿಳಿದು ನೆಲದ ಯುವಿಯನ್ನು ಕಡಿಮೆ ತೋರಿಸುವುದು ವಸಂತದಲ್ಲಿ ಸಾಮಾನ್ಯ.

ಹಿಮಪ್ರಭೆ:

ಮೋಡದ ಸಂಗತಿಗೆ ಹಿಮವನ್ನು ಜೋಡಿಸಲೇಬೇಕು. ಹೊಸ ಶುದ್ಧ ಹಿಮ ಯುವಿಯ ಶೇ. 95ಕ್ಕಿಂತ ಹೆಚ್ಚನ್ನು ಹಿಂದಕ್ಕೆ ಎಸೆಯುತ್ತದೆ, ತೆರೆದ ಕಡಲು ಶೇ. 10ಕ್ಕಿಂತ ಕಡಿಮೆ. ಹಿಮ ಎಸೆದದ್ದನ್ನು ಗಾಳಿ ಮತ್ತೆ ಕೆಳಕ್ಕೆ ಚದುರಿಸುವುದರಿಂದ ಶುಭ್ರ ಆಕಾಶದಲ್ಲೇ ನೆಲದ ಯುವಿ ಮೂರನೇ ಒಂದರಿಂದ ಅರ್ಧದಷ್ಟು ಹೆಚ್ಚಬಹುದು. ಮೋಡವಿದ್ದರೆ ಬೆಳಕು ಹಿಮಕ್ಕೂ ಮೋಡಕ್ಕೂ ನಡುವೆ ಪುಟಿಯುತ್ತಲೇ ಇರುತ್ತದೆ, ಹಾಗಾಗಿ ಕಡಲ ಮೇಲೆ ಯುವಿಯನ್ನು ಅರ್ಧಕ್ಕಿಳಿಸುವ ಮೋಡ ಹಿಮಬಯಲಿನ ಮೇಲೆ ಅಷ್ಟು ಇಳಿಸಲಾರದು. ನಿಮ್ಮ ಸನ್ನಿವೇಶದಲ್ಲಿ 340 ಶೇ. 30 ಇಳಿದಿದೆ ಎಂದರೆ ಒಂದೋ ಮೋಡ ಬಹಳ ದಟ್ಟ, ಇಲ್ಲವೇ ಆ ಮೂರು ದಿನಗಳಲ್ಲಿ ಬಿರುಗಾಳಿ ಕಡಲ ಹಿಮವನ್ನು ಒಡೆದು ದೂರ ಸರಿಸಿದೆ. ಎರಡನೆಯದಾಗಿದ್ದರೆ ಪ್ರತಿಫಲನವೇ ಬದಲಾಗಿದೆ. ಪ್ರತಿಫಲನದ ಪ್ರಭಾವ 320ರ ಆಸುಪಾಸಿನಲ್ಲಿ ಅತಿ ಹೆಚ್ಚು, ಎರಡೂ ಕಡೆಗೆ ಸ್ವಲ್ಪ ಕಡಿಮೆ, ಹಾಗಾಗಿ 340ರಿಂದ ಭಾಗಿಸಿದರೆ ಅದು ಪೂರ್ತಿ ಕಳೆಯುವುದಿಲ್ಲ. ತಾಣದ ಅಂಗಳದ ಹಿಮ ನೋಡಿ ತೀರ್ಮಾನಿಸಬೇಡಿ. ಹತ್ತಾರು ಕಿಲೋಮೀಟರ್ ಸುತ್ತಳತೆಯ ನೆಲ, ಕಡಲು ಎರಡೂ ಲೆಕ್ಕಕ್ಕೆ ಬರುತ್ತವೆ. ಕಡಲ ಹಿಮದ ಉಪಗ್ರಹ ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಳ್ಳಿ.

ಓಜೋನಿನ ಪರಿಣಾಮವನ್ನು ಬೇರೆ ಯಾವ ಗದ್ದಲವೂ ಇಲ್ಲದೆ ನೋಡಬೇಕಿದ್ದರೆ ದಕ್ಷಿಣ ಧ್ರುವ ಬಿಂದುವಿನ ದತ್ತಾಂಶದಷ್ಟು ಸ್ವಚ್ಛವಾದದ್ದು ಇನ್ನೊಂದಿಲ್ಲ. ಅಲ್ಲಿ ಸೂರ್ಯ ದಿನವಿಡೀ ಒಂದೇ ಎತ್ತರದಲ್ಲಿ ಸುತ್ತುತ್ತಾನೆ. ನವೆಂಬರ್ ಕೊನೆಯಲ್ಲಿ ಕೋನ 70°ಯ ಹತ್ತಿರ, 24 ಗಂಟೆಯಲ್ಲಿ ಬದಲಾಗುವುದು ಸುಮಾರು 0.2°, ಅದರಿಂದ ಯುವಿಗೆ ಬರುವುದು ಶೇ. 2ರ ಆಸುಪಾಸು. ಸುತ್ತಲೂ ಹಿಮವೇ, 2,800 ಮೀಟರ್ ಮೀರಿದ ಎತ್ತರ, ಮೋಡ ತೆಳು. ಹಾಗಾಗಿ ಗಂಟೆಗಳ ಅಂತರದಲ್ಲಿ 305 ಏರಿ 340 ಕದಲದಿದ್ದರೆ ಅದು ಓಜೋನೇ. ನಿಮ್ಮ ವಿಧಾನವನ್ನು ಮೊದಲು ಅಲ್ಲಿನ ದತ್ತಾಂಶದ ಮೇಲೆ ಓಡಿಸಿ ವರ್ಧನಾಂಕ ಸರಿಯಾಗಿ ಬರುತ್ತದೆಯೇ ನೋಡಿ, ಆಮೇಲೆ ಕರಾವಳಿ ತಾಣಕ್ಕೆ ಬನ್ನಿ.

ತಾರೀಖನ್ನೂ ಮರೆಯಬೇಡಿ. 65° ದಕ್ಷಿಣದಲ್ಲಿ 150 ಡಿಯು ಇದ್ದರೆ ಸೆಪ್ಟೆಂಬರ್ ನಡುವಿನಲ್ಲಿ (ಕೋನ 68°) ಸೂತ್ರದ ಪ್ರಕಾರ ಸೂಚ್ಯಂಕ 2.7, ಡಿಸೆಂಬರ್ ಆರಂಭದಲ್ಲಿ (43°) 13.8. ಓಜೋನ್ ರಂಧ್ರ (220 ಡಿಯುಗಿಂತ ಕಡಿಮೆ ಓಜೋನ್ ಇರುವ ಪ್ರದೇಶ) ಎಷ್ಟು ದೊಡ್ಡದಾಯಿತು ಎಂಬುದಕ್ಕಿಂತ ಎಷ್ಟು ತಡವಾಗಿ ಮುಚ್ಚಿತು ಎಂಬುದು ನೆಲದ ಯುವಿಗೆ ಮುಖ್ಯ. 2020ರಿಂದ ಕೆಲವು ವರ್ಷ ಅದು ಡಿಸೆಂಬರ್‌ವರೆಗೂ ಎಳೆಯಿತು. ಆ ಹೊತ್ತಿನಲ್ಲಿ ಹಾಯುವ 220 ಡಿಯು ಕೆಳಗಿನ ಒಂದು ತುಣುಕು ಗಾಳಿ ಎರಡೇ ದಿನ ಇದ್ದರೂ ಸಾಕು, ಸೆಪ್ಟೆಂಬರಿನ ಒಂದು ವಾರದ ಪ್ರಮಾಣವನ್ನು ಮೀರಿಸಿಬಿಡುತ್ತದೆ.

ಓರೆಬಿಸಿಲು:

ಘಾತದ ಲೆಕ್ಕ ಸ್ಪಷ್ಟವಾಯಿತು, ಎಲ್ಲರಿಗೂ ಧನ್ಯವಾದ. ಕಡಲ ಹಿಮದ ನಕ್ಷೆ ನೋಡುತ್ತೇನೆ. ಒಂದು ಉಳಿದಿದೆ: 305/340ರಿಂದ ತೆಗೆದ ಓಜೋನ್ ಕೋನ 75° ದಾಟಿದಾಗ, ಬೆಳಗ್ಗೆ ಮತ್ತು ಸಂಜೆ, 20–30 ಡಿಯು ಕಡಿಮೆ ತೋರಿಸುತ್ತದೆ. ಇದು ಗಂಟೆಗಳ ಮಟ್ಟದ ನಿಜವಾದ ಬದಲಾವಣೆಯೇ?

ರೋಹಿತಮಾಪಿ:

ಬಹುತೇಕ ಅಲ್ಲ. ಪರೀಕ್ಷೆ ಸುಲಭ: ಆ ಇಳಿತ ಮಧ್ಯಾಹ್ನದ ಎರಡೂ ಬದಿಗೆ ಸಮನಾಗಿದೆಯೇ, ದಿನವೂ ಮರುಕಳಿಸುತ್ತದೆಯೇ ನೋಡಿ. ಆಕಾಶದ ಓಜೋನ್ ಮಧ್ಯಾಹ್ನವನ್ನು ನೋಡಿಕೊಂಡು ಏರಿಳಿಯುವುದಿಲ್ಲ. ಸಮನಾಗಿದ್ದರೆ ದೋಷ ಉಪಕರಣದಲ್ಲೋ ಕೋಷ್ಟಕದಲ್ಲೋ ಇದೆ. ಒಂದೇ ಬದಿಗೆ ವಾಲಿದ್ದು, ಉಪಗ್ರಹದ ಹಾಯುವಿಕೆಗಳೂ ಅದನ್ನೇ ಹೇಳಿದರೆ ಮಾತ್ರ ನಿಜ.

ಕಾರಣಗಳನ್ನು ಈ ಕ್ರಮದಲ್ಲಿ ಹುಡುಕಿ. ಮೊದಲು ಕತ್ತಲೆ ಓದು. ಓರೆ ಬಿಸಿಲಿನಲ್ಲಿ 305ರ ಸಂಕೇತ ಬಹಳ ಸಣ್ಣದು, ಕತ್ತಲೆಯ ಸಂಕೇತ ತುಸು ಕಡಿಮೆ ಕಳೆದಿದ್ದರೂ 305 ಹೆಚ್ಚಾಗಿ ಕಂಡು ಓಜೋನ್ ಕಡಿಮೆ ಎಂದು ಓದುತ್ತದೆ. ಉಪಕರಣದ ಉಷ್ಣತೆಯೊಂದಿಗೆ ಇದು ಜರುಗುವುದರಿಂದ, ಸೂರ್ಯ ಮುಳುಗುವ ಕಾಲವಾದರೆ ಪ್ರತಿ ರಾತ್ರಿ ಅಳೆಯಿರಿ, ಮುಳುಗದ ಕಾಲವಾದರೆ ಮುಚ್ಚಳ ಹಾಕಿ ಅಳೆಯಿರಿ.

ಆಮೇಲೆ ದಾರಿ ತಪ್ಪಿದ ಬೆಳಕು. ಫಿಲ್ಟರಿನ ಸ್ಪಂದನದ ಬಾಲ, ಅಥವಾ ಏಕ ಮೊನೊಕ್ರೊಮೇಟರಿನೊಳಗೆ (ಬೆಳಕನ್ನು ಅಲೆಯುದ್ದವಾರು ಬೇರ್ಪಡಿಸುವ ಭಾಗದೊಳಗೆ) ಚದುರಿದ ಉದ್ದ ಅಲೆಗಳ ಬೆಳಕು, 305ರ ಜಾಗದಲ್ಲಿ ಸುಳ್ಳು ಸಂಕೇತ ಹುಟ್ಟಿಸುತ್ತದೆ. ರೋಹಿತಮಾಪಕ ಇದ್ದರೆ 290 ನ್ಯಾನೋಮೀಟರಿಗಿಂತ ಕೆಳಗೆ ನೋಡಿ. ಅಲ್ಲಿ ನೆಲಕ್ಕೆ ಏನೂ ಬರಬಾರದು. ಬಂದದ್ದೆಲ್ಲ ದಾರಿ ತಪ್ಪಿದ್ದು, ಅದನ್ನು ಕಳೆಯಿರಿ. ನೆಲದಿಂದ ಓಜೋನ್ ಅಳೆಯುವ ಬ್ರೂವರ್ ಉಪಕರಣಗಳಲ್ಲೂ ಇದೇ ಕಥೆ: ಒಂಟಿ ಮೊನೊಕ್ರೊಮೇಟರಿನದು ಹಾದಿ ಉದ್ದವಾದಂತೆ ಓಜೋನನ್ನು ಕಡಿಮೆ ತೋರಿಸುತ್ತದೆ, ಜೋಡಿ ಮೊನೊಕ್ರೊಮೇಟರಿನದು ಇನ್ನಷ್ಟು ದೂರ ನಿಭಾಯಿಸುತ್ತದೆ.

ಮೂರನೆಯದು ಓಜೋನಿನ ಎತ್ತರದ ಹಂಚಿಕೆ. ಇದು ಧ್ರುವಗಳ ವಿಶೇಷ. ಸೂರ್ಯ ದಿಗಂತಕ್ಕೆ ಹತ್ತಿರವಾದಾಗ ನೇರ 305 ಕಿರಣ ಬಹುತೇಕ ಸತ್ತಿರುತ್ತದೆ. ನೆಲಕ್ಕೆ ಬರುವುದು ಮೇಲೆಲ್ಲೋ ಚದುರಿ ಕೆಳಗಿಳಿದ ಬೆಳಕು. ಓಜೋನ್ ಆ ಚದುರುವ ಎತ್ತರಕ್ಕಿಂತ ಮೇಲಿದ್ದರೆ ಬೆಳಕು ಅದನ್ನು ಓರೆಯಾಗಿ, ಉದ್ದ ಹಾದಿಯಲ್ಲಿ ದಾಟಿರುತ್ತದೆ. ಕೆಳಗಿದ್ದರೆ ಲಂಬವಾಗಿ, ಗಿಡ್ಡ ಹಾದಿಯಲ್ಲಿ. ಒಟ್ಟು ಡಿಯು ಒಂದೇ ಆದರೂ ನೆಲದ ಯುವಿ ಬೇರೆ. ಓಜೋನ್ ರಂಧ್ರದಲ್ಲಿ 14ರಿಂದ 20 ಕಿ.ಮೀ. ನಡುವಿನದು ಹೆಚ್ಚುಕಡಿಮೆ ಬರಿದಾಗಿ, ಉಳಿದದ್ದರಲ್ಲಿ ಮೇಲಿನ ಪಾಲು ಹೆಚ್ಚಿರುತ್ತದೆ. ಸಾಮಾನ್ಯ ಪ್ರೊಫೈಲನ್ನೇ ಇಡಿಯಾಗಿ ಕುಗ್ಗಿಸಿ 190 ಡಿಯು ಮಾಡಿ ಕೋಷ್ಟಕ ಕಟ್ಟಿದ್ದರೆ 75° ಆಚೆ ಅದು ಸೋಲುತ್ತದೆ. ಹತ್ತಿರದ ತಾಣದ ಓಜೋನ್ ಬಲೂನಿನ ಪ್ರೊಫೈಲ್ ತೆಗೆದುಕೊಂಡು, ಬಲೂನು ಒಡೆಯುವ ಎತ್ತರದಿಂದ ಮೇಲಕ್ಕೆ ಉಪಗ್ರಹದ ಪ್ರೊಫೈಲ್ ಜೋಡಿಸಿ.

ಮಾದರಿ ಓಡಿಸುವಾಗ 75° ಮೀರಿದ ಕೋನಗಳಿಗೆ ಭೂಮಿಯ ಬಾಗನ್ನು ಲೆಕ್ಕಕ್ಕೆ ತರುವ ಹುಸಿಗೋಳ ಆಯ್ಕೆ ಹಾಕಲೇಬೇಕು. ಚಪ್ಪಟೆ ವಾಯುಮಂಡಲದ ಲೆಕ್ಕ ಹಾದಿಯನ್ನು ವಿಪರೀತ ಉದ್ದ ಮಾಡುತ್ತದೆ. ಮೇಲೆ ಹೇಳಿದ ಸರಳ ಸೂತ್ರವನ್ನೂ ಅಲ್ಲಿಗೆ ಒಯ್ಯಬೇಡಿ. ವರ್ಧನಾಂಕ 1.2 ಕೂಡ ಅಲ್ಲಿ ನಿಲ್ಲುವುದಿಲ್ಲ: ಯುವಿ-ಬಿ (ಓಜೋನ್ ಹೀರುವ ಗಿಡ್ಡ ಅಲೆಯ ಯುವಿ) ತೀರಾ ಕ್ಷೀಣವಾಗಿ, ಕೆಂಪೇರುವಿಕೆಯ ಲೆಕ್ಕದಲ್ಲಿ ಓಜೋನ್ ಮುಟ್ಟದ ಯುವಿ-ಎ ಪಾಲು ಹೆಚ್ಚುವುದರಿಂದ ಅದು ಇಳಿಯುತ್ತ ಹೋಗುತ್ತದೆ.

ನೆಲದಿಂದ ಓಜೋನ್ ಅಳೆಯುವ ಹಳೆಯ ಬಗೆಯ ಡಾಬ್ಸನ್ ಉಪಕರಣದ ಓಜೋನಿನೊಂದಿಗೆ ಹೋಲಿಸುವವರಿಗೆ ಒಂದು ತಿದ್ದುಪಡಿ. ಅದರ ಲೆಕ್ಕ ಓಜೋನಿನ ಉಷ್ಣತೆ ಸುಮಾರು −46° ಸೆಲ್ಸಿಯಸ್ ಎಂದು ಹಿಡಿದದ್ದು. ಸುಳಿಯೊಳಗೆ ಅದಕ್ಕಿಂತ 30 ಡಿಗ್ರಿ ತಣ್ಣಗಿರಬಹುದು, ತಣ್ಣಗಿನ ಓಜೋನ್ ಕಡಿಮೆ ಹೀರುತ್ತದೆ. ಡಿಗ್ರಿಗೆ ಶೇ. 0.13ರಂತೆ ಶೇ. 4ರಷ್ಟು ಓಜೋನ್ ಕಡಿಮೆ ಓದುತ್ತದೆ. ಸುಳಿ ಒಳಗೆ ಹೊರಗೆ ಆಡುತ್ತಿರುವಾಗ ಈ ತಪ್ಪೂ ಜೊತೆಗೆ ಏರಿಳಿದು ಓಜೋನ್ ಬದಲಾವಣೆಯನ್ನು ಹಿಗ್ಗಿಸಿ ತೋರಿಸುತ್ತದೆ.

ಬಡಗಣಗಾಳಿ:

ಉತ್ತರ ಧ್ರುವಕ್ಕೆ ಇದನ್ನೇ ಒಯ್ಯುವವರಿಗೆ ಎರಡು ಮಾತು. ಅಲ್ಲಿ ದಿನದಿಂದ ದಿನದ ಬದಲಾವಣೆಯಲ್ಲಿ ದೊಡ್ಡ ಪಾಲು ಗಾಳಿಯ ಸಾಗಾಟದ್ದು, ರಾಸಾಯನಿಕ ನಾಶದ್ದಲ್ಲ. ಮೇಲ್ಗಾಳಿಯಲ್ಲಿ ಅಧಿಕ ಒತ್ತಡದ ದಿಬ್ಬ ಬಂದು ಟ್ರೋಪೋಪಾಸ್ (ಕೆಳವಾಯುವಿಗೂ ಅದರ ಮೇಲಿನ ಓಜೋನ್ ಪದರದ ವಾಯುವಿಗೂ ನಡುವಿನ ಗಡಿ) ಮೇಲೆದ್ದರೆ ಓಜೋನ್ ಸ್ತಂಭ ತೆಳುವಾಗಿ ಕಿರುರಂಧ್ರ ಮೂಡುತ್ತದೆ, ದಿಬ್ಬ ಸರಿದರೆ ಮುಚ್ಚಿಕೊಳ್ಳುತ್ತದೆ. ಬಲೂನಿನ ಪ್ರೊಫೈಲ್ ನೋಡಿದರೆ ಗುರುತು ಹತ್ತುತ್ತದೆ: ನಾಶವಾಗಿದ್ದರೆ ಪದರದ ನಡುವೆ ಕೊರೆದಂತೆ ಖಾಲಿ, ಸಾಗಾಟವಾಗಿದ್ದರೆ ಪದರದ ಬುಡವೇ ಮೇಲಕ್ಕೆ ಎತ್ತಿಕೊಂಡಿರುತ್ತದೆ. ಇಂಥ ದಿಬ್ಬದಡಿ ಆಕಾಶವೂ ತಿಳಿಯಾಗಿರುವ ಸಾಧ್ಯತೆ ಹೆಚ್ಚು. ಹಾಗಾಗಿ ಓಜೋನ್ ಮತ್ತು ಮೋಡವನ್ನು ಒಂದಕ್ಕೊಂದು ಸಂಬಂಧವಿಲ್ಲದವು ಎಂದು ಹಿಡಿದು ಸಂಖ್ಯಾಶಾಸ್ತ್ರ ಮಾಡಿದರೆ ತಿಳಿಯಾದ ಆಕಾಶದ ಏರಿಕೆಯೂ ಓಜೋನಿನ ಹೆಸರಿಗೆ ಬರೆದುಹೋಗುತ್ತದೆ.

2020ರಲ್ಲಿ ಮಾತ್ರ ನಾಶವೂ ಜೋರಾಗಿತ್ತು. ಮಾರ್ಚ್ 12ರಂದು ಆರ್ಕ್ಟಿಕ್‌ನ ಕನಿಷ್ಠ ಮೌಲ್ಯ 205 ಡಿಯುಗೆ ಇಳಿಯಿತು. ಆದರೆ ಆ ದಿನ 80° ಉತ್ತರದಲ್ಲಿ ಮಧ್ಯಾಹ್ನದ ಖಮಧ್ಯ ಕೋನ 83°ಯ ಮೇಲೆ, ನೆಲಕ್ಕೆ ತಲುಪಿದ ಯುವಿ ಅತ್ಯಲ್ಪ. ಅದೇ ಜಾಗಕ್ಕೆ ಏಪ್ರಿಲ್ 20ರ ಲೆಕ್ಕ ಹಾಕಿ: ಕೋನ 68.5°, ಓಜೋನ್ 450ರ ಬದಲು 250 ಇದ್ದರೆ, ಹಿಮದ ಹೆಚ್ಚುವರಿ ಶೇ. 40 ಸೇರಿಸಿ, ಸೂಚ್ಯಂಕ ಅಂದಾಜು 0.9ರಿಂದ 1.9ಕ್ಕೆ ಏರುತ್ತದೆ. ಇಮ್ಮಡಿಯಾದದ್ದು ನಿಜ, ರಕ್ಷಣೆ ಬೇಕು ಎನ್ನುವ 3ನ್ನು ಮುಟ್ಟಲಿಲ್ಲ ಎಂಬುದೂ ನಿಜ. ಆ 3 ಕೂಡ ಸಮತಲ ನೆಲದ ಲೆಕ್ಕ. ಹಿಮದ ಮೇಲೆ ನಿಂತವರ ಮುಖ, ಕಣ್ಣಿಗೆ ಕೆಳಗಿನಿಂದಲೂ ಬೆಳಕು ಬೀಳುವುದರಿಂದ ಸೂಚ್ಯಂಕ 2 ಇದ್ದಾಗಲೂ ಹಿಮಗುರುಡು ತಡೆಯುವ, ಬದಿ ಮುಚ್ಚಿದ ಕನ್ನಡಕ ಬೇಕು.

ವರದಿ ಬರೆಯುವಾಗ ಶೇಕಡಾ ಏರಿಕೆಯ ಪಕ್ಕದಲ್ಲೇ ಸೂಚ್ಯಂಕದ ಮೊದಲ ಮತ್ತು ನಂತರದ ಮೌಲ್ಯ, ಖಮಧ್ಯ ಕೋನ, ಬಳಸಿದ ತೂಕ ಇವನ್ನೂ ನಮೂದಿಸಿ. ದಿನದ ಒಟ್ಟು ಪ್ರಮಾಣ ಕೊಡುವುದಾದರೆ ದಿನದ ಸರಾಸರಿ ಓಜೋನ್ ಹಾಕಬೇಡಿ. ಯುವಿ-ಬಿಯ ಬಹುಪಾಲು ಮಧ್ಯಾಹ್ನದ ಆಚೀಚೆಯ ಕೆಲವು ಗಂಟೆಗಳಲ್ಲೇ ಬೀಳುವುದರಿಂದ, ಗಂಟೆ ಗಂಟೆಯ ಓಜೋನಿಗೆ ಆ ಗಂಟೆಯ ಶುಭ್ರ ಆಕಾಶದ ಯುವಿಯಷ್ಟು ತೂಕ ಕೊಟ್ಟು ಸರಾಸರಿ ತೆಗೆಯಿರಿ. ಸುಳಿಯ ಅಂಚು ಮಧ್ಯರಾತ್ರಿ ಹಾದುಹೋಗಿದ್ದರೆ, ಸೂರ್ಯ ಮುಳುಗದ ದಿನವಾದರೂ, ಒಟ್ಟು ಪ್ರಮಾಣದಲ್ಲಿ ಅದರ ಗುರುತು ಕಾಣುವುದೇ ಇಲ್ಲ.